ಅಡುಗೆಮನೆಯ ಶ್ರಮವನ್ನು ಅಳೆದ ಲಿಲಿಯನ್ ಗಿಲ್‌ಬ್ರೆತ್

ಅನ್ನವಿಲ್ಲದೆ ಬಾಳಿಲ್ಲ, ಅಡುಗೆಯಿಲ್ಲದೆ ಅನ್ನವಿಲ್ಲ. ಇಷ್ಟಾದರೂ ಅಡುಗೆಮನೆಯಲ್ಲಿ ದಿನದಿನವೂ ನಡೆಯುವ ದುಡಿಮೆಯನ್ನು ದುಡಿಮೆಯೆಂದು ಎಣಿಸಿದವರು ಲೋಕದಲ್ಲಿ ವಿರಳ. ಕಾರ್ಖಾನೆಯಲ್ಲಿ ದುಡಿಯುವವನಿಗೆ ವೇಳೆಯ ಲೆಕ್ಕವುಂಟು, ಕೂಲಿಯ ಲೆಕ್ಕವುಂಟು, ವಿರಾಮದ ಲೆಕ್ಕವುಂಟು. ನಸುಕಿನಲ್ಲಿ ಒಲೆ ಹೊತ್ತಿಸಿದಂದಿನಿಂದ ರಾತ್ರಿ ಪಾತ್ರೆ ತೊಳೆದಿಡುವವರೆಗೆ ಮನೆಯೊಳಗೆ ದುಡಿಯುವ ಗೃಹಿಣಿಗೆ ಇವಾವುವೂ ಇಲ್ಲ. ಆಕೆ ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಷ್ಟು ಬಾರಿ ಬಾಗುತ್ತಾಳೆ, ಅವುಗಳಲ್ಲಿ ಅಗತ್ಯವಾದುವೆಷ್ಟು, ಅನಗತ್ಯವಾದುವೆಷ್ಟು ಎಂಬುದನ್ನು ಎಣಿಸಿ, ಅಳೆದು, ಆ ದುಡಿಮೆಗೂ ವಿಜ್ಞಾನದ ಗೌರವವನ್ನು ತಂದುಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಲಿಲಿಯನ್ ಗಿಲ್‌ಬ್ರೆತ್.

ಲಿಲಿಯನ್ ಅವರು 1878ನೆಯ ಇಸವಿ ಮೇ 24ರಂದು ಕ್ಯಾಲಿಫೋರ್ನಿಯ ರಾಜ್ಯದ ಓಕ್‌ಲೆಂಡ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಮೋಲರ್; ತಾಯಿ ಆ್ಯನಿ. ಮನೆತನ ಅನುಕೂಲವಾದುದು. ಮನೆಯ ತುಂಬ ಮಕ್ಕಳು. ಅವರಲ್ಲಿ ಲಿಲಿಯನ್ ಹಿರಿಯರು. ಸ್ವಭಾವದಿಂದ ಬಹು ಸಂಕೋಚದ ಹುಡುಗಿಯಾಗಿದ್ದುದರಿಂದ ಒಂಬತ್ತು ವರ್ಷದವರೆಗೆ ಅವರ ಪಾಠಪ್ರವಚನಗಳು ಮನೆಯಲ್ಲಿಯೇ ನಡೆದುವು. ಹೆಣ್ಣುಮಕ್ಕಳಿಗೆ ಕಾಲೇಜಿನ ವ್ಯಾಸಂಗ ಬೇಕಿಲ್ಲವೆಂಬ ಭಾವನೆ ಆ ಕಾಲದ ಸಿರಿವಂತರ ಮನೆಗಳಲ್ಲಿ ಬೇರೂರಿತ್ತು. ಲಿಲಿಯನ್ನರ ತಂದೆಯೂ ಅದಕ್ಕೆ ಹೊರತಾಗಿರಲಿಲ್ಲ. ಆದರೆ ಸಂಕೋಚದ ಆ ಹುಡುಗಿಯಲ್ಲಿ ಓದಿನ ಹಂಬಲ ಬಲವಾಗಿತ್ತು. ಆಕೆ ತಂದೆಯ ಮನವೊಲಿಸಿ ಬರ್ಕ್ಲಿಯಲ್ಲಿದ್ದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ಸಾಹಿತ್ಯವನ್ನು ಅಭ್ಯಾಸಮಾಡಿ 1900ರಲ್ಲಿ ಪದವೀಧರೆಯಾದರು. ಆ ವರ್ಷದ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಭಾಷಣಮಾಡುವ ಅವಕಾಶ ಅವರದಾಯಿತು. ಆ ವಿಶ್ವವಿದ್ಯಾನಿಲಯದಲ್ಲಿ ಅಂಥ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ ಅವರೇ. 1902ರಲ್ಲಿ ಸ್ನಾತಕೋತ್ತರ ಪದವಿಯೂ ದೊರೆಯಿತು.

ಮುಂದಿನ ವರ್ಷ ಯೂರೋಪಿನ ಪ್ರವಾಸಕ್ಕೆ ಹೊರಟಿದ್ದಾಗ ಬಾಸ್ಟನ್ ನಗರದಲ್ಲಿ ಅವರಿಗೆ ಫ್ರ್ಯಾಂಕ್ ಗಿಲ್‌ಬ್ರೆತ್ ಎಂಬ ಗುತ್ತಿಗೆದಾರರ ಪರಿಚಯವಾಯಿತು. ಫ್ರ್ಯಾಂಕ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಹದಿಹರೆಯದಲ್ಲಿಯೇ ಗಾರೆಯವರ ಕೈಕೆಳಗೆ ಇಟ್ಟಿಗೆಯ ಕೆಲಸ ಕಲಿಯಲು ಸೇರಿದವರು. ಕಲಿಯುವಾಗಲೇ ಒಂದು ಸಂಗತಿ ಅವರ ಗಮನಕ್ಕೆ ಬಂದಿತು. ಗಾರೆಯವರಲ್ಲಿ ಒಬ್ಬೊಬ್ಬನ ಕೈಚಲನೆ ಒಂದೊಂದು ಬಗೆ. ಅಷ್ಟೇ ಅಲ್ಲ, ನಿಧಾನವಾಗಿ ಕಟ್ಟುವಾಗಿನ ರೀತಿ ಬೇರೆ, ಬಿರುಸಿನಿಂದ ಕಟ್ಟುವಾಗಿನ ರೀತಿ ಬೇರೆ. ಹೀಗಿರುವಾಗ ಇವುಗಳಲ್ಲೆಲ್ಲ ಉತ್ತಮವಾದ ರೀತಿ ಒಂದಿರಲೇಬೇಕಷ್ಟೆ! ಫ್ರ್ಯಾಂಕ್ ಅದನ್ನು ಹುಡುಕತೊಡಗಿದರು. ಕೆಲಸಗಾರನು ಪ್ರತಿಯೊಂದು ಇಟ್ಟಿಗೆಗಾಗಿ ನೆಲದವರೆಗೆ ಬಾಗುವುದನ್ನು ತಪ್ಪಿಸಲು, ಇಟ್ಟಿಗೆಯೂ ಗಾರೆಯೂ ಸೊಂಟದ ಎತ್ತರದಲ್ಲಿ ಕೈಗೆ ಸಿಗುವಂತೆ ಅಟ್ಟಣೆಯನ್ನು ರೂಪಿಸಿದರು. ಒಂದು ಇಟ್ಟಿಗೆಯನ್ನಿಡಲು ಬೇಕಾಗಿದ್ದ 18 ಚಲನೆಗಳು 5ಕ್ಕೆ ಇಳಿದುವು. ಗಂಟೆಗೆ 120 ಇಟ್ಟಿಗೆಗಳನ್ನು ಇಡುತ್ತಿದ್ದ ಕಡೆ 350 ಇಟ್ಟಿಗೆಗಳನ್ನು ಇಡುವುದು ಸಾಧ್ಯವಾಯಿತು. ಕೆಲಸ ಹೆಚ್ಚಿತು, ಬೆನ್ನುನೋವು ಕಡಮೆಯಾಯಿತು.

1904ರಲ್ಲಿ ಲಿಲಿಯನ್ ಮತ್ತು ಫ್ರ್ಯಾಂಕ್ ವಿವಾಹವಾದರು. ಪತಿ ಇಟ್ಟಿಗೆ, ಯಂತ್ರ, ಚಲನೆಗಳನ್ನು ಬಲ್ಲವರು. ಪತ್ನಿ ಮನುಷ್ಯನ ಮನಸ್ಸನ್ನು ಅರಿಯಲು ಹೊರಟವರು. ಇಬ್ಬರ ವಿದ್ಯೆಯೂ ಒಂದುಗೂಡಿ ಚಲನಾಧ್ಯಯನವೆಂಬ ಹೊಸ ಶಾಸ್ತ್ರ ಬೆಳೆಯಿತು. ಕೆಲಸಮಾಡುವವರನ್ನು ಚಲನಚಿತ್ರದ ಕ್ಯಾಮೆರಾದಿಂದ ಚಿತ್ರಿಸಿಕೊಂಡು, ಪಕ್ಕದಲ್ಲಿಟ್ಟ ಸೂಕ್ಷ್ಮ ಗಡಿಯಾರದ ನೆರವಿನಿಂದ ಒಂದೊಂದು ಚಲನೆಗೂ ತಗಲುವ ಕಾಲವನ್ನು ಅವರು ಗುರುತಿಸಿದರು. ಹುಡುಕುವುದು, ಹಿಡಿಯುವುದು, ಒಯ್ಯುವುದು, ಬಿಡುವುದು, ಕಾಯುವುದು ಎಂದು ಕೈಗೆಲಸಗಳನ್ನೆಲ್ಲ ಮೂಲಘಟಕಗಳಾಗಿ ವಿಂಗಡಿಸಿದರು. ಈ ಘಟಕಗಳಿಗೆ ಇಟ್ಟ ಹೆಸರು ಥರ್ಬ್ಲಿಗ್. ಇಂಗ್ಲಿಷಿನಲ್ಲಿ ಗಿಲ್‌ಬ್ರೆತ್ ಎಂಬ ಹೆಸರನ್ನು ಹೆಚ್ಚುಕಡಮೆ ಹಿಂದುಮುಂದಾಗಿ ಬರೆದರೆ ಬರುವ ಪದವಿದು.

ವೇಗವೊಂದೇ ಅವರ ಗುರಿಯಾಗಿರಲಿಲ್ಲ. ದಣಿವನ್ನು ಕುಗ್ಗಿಸುವುದೂ ಅವರಿಗೆ ಅಷ್ಟೇ ಮುಖ್ಯವಾಗಿತ್ತು. ಕೆಲಸಗಾರನಿಗೆ ಸರಿಯಾದ ಕುರ್ಚಿ, ಸಾಕಷ್ಟು ಬೆಳಕು, ನಡುನಡುವೆ ವಿಶ್ರಾಂತಿ ಬೇಕೆಂದು ದಂಪತಿಗಳು ವಾದಿಸಿದರು. 1916ರಲ್ಲಿ ದಣಿವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಅವಸರಕ್ಕೂ ಮಿತವ್ಯಯಕ್ಕೂ ಇರುವ ಅಂತರವನ್ನು ಸಾರುವ ಒಂದು ಪ್ರಸಂಗವನ್ನು ಅವರ ಮಕ್ಕಳು ಮುಂದೆ ವಿನೋದವಾಗಿ ನೆನೆದಿದ್ದಾರೆ. ಫ್ರ್ಯಾಂಕ್ ಒಮ್ಮೆ ಎರಡು ಕೈಗಳಲ್ಲೂ ಕ್ಷೌರದ ಕತ್ತಿ ಹಿಡಿದು ಗಡ್ಡ ತೆಗೆಯಲು ಹೊರಟರಂತೆ. ಕೆಲವು ಕ್ಷಣಗಳು ಉಳಿದುವು, ನಿಜ. ಆದರೆ ಆದ ಗಾಯಕ್ಕೆ ಪಟ್ಟಿ ಕಟ್ಟುವಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕಳೆದುಹೋಯಿತು!

ಈ ನಡುವೆ ಸಂಸಾರವೂ ಬೆಳೆಯಿತು. ಹನ್ನೆರಡು ಮಕ್ಕಳನ್ನು ಹಡೆದು, ಅವರ ಆರೈಕೆಯ ನಡುವೆಯೇ ಲಿಲಿಯನ್ ಸಂಶೋಧನೆಯನ್ನು ಮುಂದುವರಿಸಿದರು. 1912ರಲ್ಲಿ ಮೇರಿ ಎಂಬ ಪುಟ್ಟ ಮಗಳು ಗಂಟಲಮಾರಿ ರೋಗಕ್ಕೆ ತುತ್ತಾದಳು. ಆ ನೋವನ್ನು ನುಂಗಿಕೊಂಡು ತಾಯಿ ಮತ್ತೆ ಬರವಣಿಗೆಗೆ ಕುಳಿತರು. ಆಡಳಿತದಲ್ಲಿ ಮನಶ್ಶಾಸ್ತ್ರದ ಸ್ಥಾನವನ್ನು ವಿವರಿಸುವ ಅವರ ಗ್ರಂಥ 1914ರಲ್ಲಿ ಹೊರಬಂದಿತು. ಬರೆದವರು ಹೆಂಗಸೆಂಬುದು ಓದುಗರಿಗೆ ತಿಳಿಯದಿರಲೆಂದು ಪ್ರಕಾಶಕರು ಹೆಸರಿನ ಮೊದಲ ಅಕ್ಷರಗಳನ್ನು ಮಾತ್ರ ಅಚ್ಚುಹಾಕಿಸಿದರು. 1915ರಲ್ಲಿ ಬ್ರೌನ್ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಪದವಿಯನ್ನು ನೀಡಿತು.

1924ನೆಯ ಇಸವಿ ಜೂನ್ 14ರಂದು ಈ ತುಂಬಿದ ಮನೆಗೆ ಸಿಡಿಲೆರಗಿತು. ಯೂರೋಪಿನ ಸಮ್ಮೇಳನಗಳಿಗೆ ಹೊರಡುವ ಸಿದ್ಧತೆಯಲ್ಲಿದ್ದ ಫ್ರ್ಯಾಂಕ್ ರೈಲುನಿಲ್ದಾಣದಿಂದ ಪತ್ನಿಯೊಡನೆ ದೂರವಾಣಿಯಲ್ಲಿ ಮಾತನಾಡುತ್ತಿದ್ದಾಗಲೇ ಹೃದಯಾಘಾತದಿಂದ ಕುಸಿದು ಮರಣಹೊಂದಿದರು. ಲಿಲಿಯನ್ನರಿಗೆ ಆಗ 46 ವರ್ಷ. ಮನೆಯಲ್ಲಿ ಹನ್ನೊಂದು ಮಕ್ಕಳು. ಹಿರಿಯಳು ಕಾಲೇಜಿನ ವಯಸ್ಸಿನವಳು. ಕಿರಿಯಳು ಎರಡು ವರ್ಷದ ಕೂಸು. ಬೇರೆ ಯಾರಾದರೂ ಆಗಿದ್ದರೆ ದಿಕ್ಕುಗಾಣದೆ ಕುಳಿತುಬಿಡುತ್ತಿದ್ದರೇನೊ! ಲಿಲಿಯನ್ ಕೆಲವೇ ದಿನಗಳಲ್ಲಿ ಹಡಗನ್ನೇರಿ ಯೂರೋಪಿಗೆ ತೆರಳಿ, ಪತಿ ಒಪ್ಪಿಕೊಂಡಿದ್ದ ಉಪನ್ಯಾಸವನ್ನು ತಾವೇ ಕೊಟ್ಟು ಹಿಂದಿರುಗಿದರು.

ಹಿಂದಿರುಗಿದಾಗ ಎದುರಾದದ್ದು ಮತ್ತೊಂದು ಆಘಾತ. ಅದುವರೆಗೆ ಗಿಲ್‌ಬ್ರೆತ್ ದಂಪತಿಗಳಿಂದ ಸಲಹೆ ಪಡೆಯುತ್ತಿದ್ದ ಉದ್ಯಮಗಳು ಒಪ್ಪಂದಗಳನ್ನು ಮುಂದುವರಿಸಲು ಹಿಂಜರಿದುವು. ಇಪ್ಪತ್ತು ವರ್ಷಗಳ ಕಾಲ ಗಂಡನಿಗೆ ಸಮಸಮನಾಗಿ ದುಡಿದಿದ್ದ ವಿದುಷಿಯ ಮಾತನ್ನು, ಹೆಂಗಸು ಎಂಬ ಒಂದೇ ಕಾರಣದಿಂದ, ಕಾರ್ಖಾನೆಗಳ ಒಡೆಯರು ಕೇಳಲು ಸಿದ್ಧರಿರಲಿಲ್ಲ. ಲಿಲಿಯನ್ ಎದೆಗುಂದಲಿಲ್ಲ. ಮನೆಯಲ್ಲಿಯೇ ತರಗತಿಗಳನ್ನು ತೆರೆದು ಚಲನಾಧ್ಯಯನವನ್ನು ಬೋಧಿಸತೊಡಗಿದರು. ಹೆಂಗಸರ ಕ್ಷೇತ್ರವೆಂದು ಜನ ತಿಳಿದಿದ್ದ ಕಡೆ ತಮ್ಮ ಶಾಸ್ತ್ರವನ್ನು ಪ್ರಯೋಗಿಸಿದರೆ ಯಾರೂ ಅಡ್ಡಿಪಡಿಸಲಾರರೆಂಬುದನ್ನು ಅವರು ಕಂಡುಕೊಂಡರು. ಅಂಥ ಕ್ಷೇತ್ರಗಳಲ್ಲಿ ಮುಖ್ಯವಾದುದು ಅಡುಗೆಮನೆ. ಹೀಗೆ, ಮುಚ್ಚಿದ ಒಂದು ಬಾಗಿಲೇ ಅವರನ್ನು ಇನ್ನೊಂದು ಬಾಗಿಲಿನತ್ತ ನಡೆಸಿತು.

ವಿಚಿತ್ರವೆಂದರೆ, ಅಡುಗೆಯಲ್ಲಿ ಲಿಲಿಯನ್ನರಿಗೆ ವಿಶೇಷವಾದ ಕೈಗುಣವೇನೂ ಇರಲಿಲ್ಲ. ಅವರ ಮನೆಯ ಅಡುಗೆ ಬಹುಮಟ್ಟಿಗೆ ಬೇರೆಯವರ ಕೈಯಲ್ಲಿ ನಡೆಯುತ್ತಿತ್ತು. ಆದ್ದರಿಂದ ರುಚಿಯ ಗುಟ್ಟುಗಳನ್ನು ಹೇಳಿಕೊಡಲು ಅವರು ಹೋಗಲಿಲ್ಲ. ಅಡುಗೆಯವಳ ಕೈಕಾಲುಗಳನ್ನು ನೋಡಿದರು, ಬಲ್ಲವರನ್ನು ಕೇಳಿದರು. ವಿದ್ಯುದುಪಕರಣಗಳನ್ನು ತಯಾರಿಸುವ ಸಂಸ್ಥೆಯೊಂದಕ್ಕಾಗಿ 4,000ಕ್ಕೂ ಹೆಚ್ಚು ಮಹಿಳೆಯರನ್ನು ವಿಚಾರಿಸಿ, ಒಲೆ, ಸಿಂಕು ಮೊದಲಾದುವು ಎಷ್ಟು ಎತ್ತರವಿದ್ದರೆ ಹಿತವೆಂಬುದನ್ನು ಗೊತ್ತುಮಾಡಿದರು.

ಅವರು ಕಂಡ ತೊಂದರೆ ಎಂಥದೆಂಬುದನ್ನು ಅರಿಯಬೇಕಾದರೆ ಮನೆಯಲ್ಲಿ ಬ್ರೆಡ್ಡು ಮಾಡುವ ಕ್ರಮವನ್ನು ನೆನೆದುಕೊಳ್ಳಬೇಕು. ಮೊದಲು ಗೋಧಿಯ ಹಿಟ್ಟನ್ನು ಜರಡಿಯಾಡಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಯೀಸ್ಟ್ ಎಂಬ ಹುದುಗನ್ನು ನೆನೆಸಬೇಕು. ಎರಡನ್ನೂ ಕಲಸಿ ಕಣಕಮಾಡಿ ಹತ್ತು ಹದಿನೈದು ನಿಮಿಷ ಬಲವಾಗಿ ನಾದಬೇಕು. ಗೋಧಿಯ ಹಿಟ್ಟಿಗೆ ನೀರು ಸೇರಿದಾಗ ಗ್ಲೂಟೆನ್ ಎಂಬ ಅಂಟು ಉಂಟಾಗುತ್ತದೆ. ನಾದಿದಷ್ಟೂ ಅದು ಬಲೆಯಂತೆ ಹೆಣೆದುಕೊಳ್ಳುತ್ತದೆ. ಯೀಸ್ಟಿನಿಂದ ಹೊರಡುವ ಅನಿಲ ಆ ಬಲೆಯಲ್ಲಿ ಸಿಕ್ಕಿಬಿದ್ದು ಕಣಕ ಉಬ್ಬುತ್ತದೆ. ಆದುದರಿಂದ ನಾದುವ ಕೆಲಸವನ್ನು ಬಿಡುವಂತಿಲ್ಲ. ಆದರೆ ಹಿಟ್ಟಿಗಾಗಿ ಉಗ್ರಾಣಕ್ಕೆ ಹೋಗುವುದು, ಜರಡಿಗಾಗಿ ಇನ್ನೊಂದು ಮೂಲೆಗೆ ನಡೆಯುವುದು, ನೀರಿಗಾಗಿ ಸಿಂಕಿನ ಬಳಿಗೆ, ತಟ್ಟೆಗಾಗಿ ಬೀರುವಿನ ಬಳಿಗೆ, ಮರೆತ ಉಪ್ಪಿಗಾಗಿ ಮತ್ತೆ ಉಗ್ರಾಣಕ್ಕೆ ಅಲೆಯುವುದು, ಇವುಗಳಿಂದ ಬ್ರೆಡ್ಡಿಗೆ ಯಾವ ಲಾಭವೂ ಇಲ್ಲ. ಮಾಡುವವಳ ಕಾಲು ಸೋಲುವುದಷ್ಟೆ. ಬೇಕಾದ ಶ್ರಮ ಯಾವುದು, ಬೇಡವಾದ ಶ್ರಮ ಯಾವುದು ಎಂಬ ವಿವೇಚನೆಯೇ ಲಿಲಿಯನ್ನರ ಶಾಸ್ತ್ರದ ತಿರುಳು.

ನಾದುವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೂ ಆ ಕಾಲದಲ್ಲಿಯೇ ನಡೆದಿತ್ತು. ಹರ್ಬರ್ಟ್ ಜಾನ್‌ಸ್ಟನ್ ಎಂಬ ಇಂಜಿನಿಯರು ಬೇಕರಿಯವನೊಬ್ಬ ಕಬ್ಬಿಣದ ಸೌಟಿನಿಂದ ಬ್ರೆಡ್ಡಿನ ಹಿಟ್ಟನ್ನು ಕಲಸುತ್ತ ಬಳಲುವುದನ್ನು ಕಂಡು, 1908ರ ಸುಮಾರಿಗೆ ಕಲಸುವ ಯಂತ್ರದ ಕೆಲಸಕ್ಕೆ ಕೈಹಾಕಿದರು. ಮೊದಲು ಬೇಕರಿಗಳಿಗಾಗಿ ಬಂದ ಆ ಯಂತ್ರ 1919ರಲ್ಲಿ ಚಿಕ್ಕದಾಗಿ ಮನೆಗಳಿಗೂ ಬಂದಿತು. ಚಿಕ್ಕದೆಂದರೂ ಅದರ ತೂಕ ಸುಮಾರು 30 ಕಿಲೋಗ್ರಾಂ! ಅಂಥ ಯಂತ್ರವನ್ನು ಬೀರುವಿನೊಳಗೆ ಅಡಗಿಸಿಟ್ಟು, ಬೇಕಾದಾಗ ಎತ್ತಿ ತಂದು, ಮುಗಿದಮೇಲೆ ಮತ್ತೆ ಹೊತ್ತು ಇಡುವುದಾದರೆ ತೋಳಿಗೆ ಉಳಿದ ಶ್ರಮ ಸೊಂಟಕ್ಕೆ ವರ್ಗವಾದಂತೆಯೇ ಸರಿ. ಯಂತ್ರವಿದ್ದ ಮಾತ್ರಕ್ಕೆ ಶ್ರಮ ಉಳಿಯುವುದಿಲ್ಲ. ಅದು ಇರಬೇಕಾದ ಕಡೆ ಇರಬೇಕು, ಕೈಗೆ ಎಟುಕುವ ಎತ್ತರದಲ್ಲಿರಬೇಕು. ಮೇಜಿನ ಎತ್ತರದ ವಿಷಯವೂ ಹೀಗೆಯೇ. ತರಕಾರಿ ಹೆಚ್ಚಲು ಹಿತವಾದ ಮೇಜು ಹಿಟ್ಟು ನಾದಲು ಹಿತವಾಗದು. ನಾದುವಾಗ ತೋಳನ್ನು ನೀಡಿ ಮೈಭಾರವನ್ನು ಬಿಡಬೇಕಾದುದರಿಂದ ಅದಕ್ಕೆ ಮೇಜು ತುಸು ತಗ್ಗಾಗಿರಬೇಕು. ಕೆಲಸಕ್ಕೆ ತಕ್ಕಂತೆ, ಮಾಡುವವರ ನಿಲುವಿಗೆ ತಕ್ಕಂತೆ ಎತ್ತರವನ್ನು ಗೊತ್ತುಮಾಡಬೇಕೆಂಬುದನ್ನು ಲಿಲಿಯನ್ ಒತ್ತಿಹೇಳಿದರು.

ತಮ್ಮ ವಿಚಾರಗಳನ್ನು ಕಣ್ಣೆದುರು ನಿಲ್ಲಿಸಿ ತೋರಿಸುವ ಅವಕಾಶ 1929ರಲ್ಲಿ ಅವರಿಗೆ ದೊರೆಯಿತು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಪ್ರದೇಶದ ಅನಿಲ ಸರಬರಾಜು ಸಂಸ್ಥೆಗೆ ಆಗ ಮೇರಿ ಡಿಲನ್ ಎಂಬ ಮಹಿಳೆ ಅಧ್ಯಕ್ಷರಾಗಿದ್ದರು. ಆ ಸಂಸ್ಥೆಗಾಗಿ ಲಿಲಿಯನ್ ಒಂದು ಮಾದರಿ ಅಡುಗೆಮನೆಯನ್ನು ರಚಿಸಿದರು. ಅದಕ್ಕೆ ಕಿಚನ್ ಪ್ರಾಕ್ಟಿಕಲ್ ಎಂದು ಹೆಸರು. ಅಲ್ಲಿ ಒಲೆಯೂ ಅಡುಗೆಕಟ್ಟೆಯೂ ಅಕ್ಕಪಕ್ಕದಲ್ಲಿದ್ದುವು. ಕಟ್ಟೆಯ ಮೇಲುಗಡೆ ದಿನಸಿ, ಕೆಳಗಡೆ ಪಾತ್ರೆ. ಸಿಂಕೂ ರೆಫ್ರಿಜರೇಟರೂ ಹೆಜ್ಜೆಯಳತೆಯಲ್ಲಿ. ಕಟ್ಟೆಯಷ್ಟೇ ಎತ್ತರದ, ಗಾಲಿಗಳ ಮೇಲೆ ಸರಿಯುವ ಮೇಜೊಂದು ಬೇಕಾದ ಕಡೆಗೆ ಬರುತ್ತಿತ್ತು. ನಡುವೆ ನಿಂತವಳು ಇದ್ದಲ್ಲಿಯೇ ತಿರುಗಿ ಎಲ್ಲವನ್ನೂ ಮುಟ್ಟಬಹುದಾಗಿತ್ತು.

ಈ ಏರ್ಪಾಡಿನ ಸತ್ತ್ವವನ್ನು ಪರೀಕ್ಷಿಸಲು ಆರಿಸಿಕೊಂಡ ತಿಂಡಿ ಸ್ಟ್ರಾಬೆರಿ ಶಾರ್ಟ್‌ಕೇಕ್. ಹಿಟ್ಟಿಗೆ ಬೆಣ್ಣೆ ಬೆರೆಸಿ, ಹಾಲಿನಲ್ಲಿ ಕಲಸಿ, ಬೇಯಿಸಿ, ಮೇಲೆ ಹಣ್ಣನ್ನು ಇಟ್ಟು ಮಾಡುವ ಸಿಹಿತಿಂಡಿ ಅದು. ಇದರ ಹಿಟ್ಟು ಉಬ್ಬಲು ಸಾಮಾನ್ಯವಾಗಿ ಬೇಕಿಂಗ್ ಪೌಡರನ್ನು ಬಳಸುವುದರಿಂದ, ಯೀಸ್ಟಿನ ಕಣಕದಂತೆ ಬಹಳ ಹೊತ್ತು ನಾದಬೇಕಿಲ್ಲ. ಹೆಚ್ಚು ನಾದಿದರೆ ತಿಂಡಿ ಗಡುಸಾಗುತ್ತದೆ. ಅದೇ ತಿಂಡಿಯನ್ನು ಹಳೆಯ ಬಗೆಯ ಅಡುಗೆಮನೆಯಲ್ಲಿಯೂ ಹೊಸ ಅಡುಗೆಮನೆಯಲ್ಲಿಯೂ ಮಾಡಿ ಚಲನೆಗಳನ್ನು ಎಣಿಸಲಾಯಿತು. ಹಳೆಯ ಕಡೆ ಕ್ರಿಯೆಗಳು 97. ಹೊಸ ಕಡೆ 64. ಹಳೆಯ ಕಡೆ ನಡೆದ ಹೆಜ್ಜೆಗಳು 281. ಹೊಸ ಕಡೆ ಕೇವಲ 45. ಉಳಿದ ಹೆಜ್ಜೆಗಳು 236. ದಿನಕ್ಕೆ ಇಷ್ಟು ಹೆಜ್ಜೆಗಳು ಉಳಿದರೆ ವರ್ಷಕ್ಕೆ ಎಂಬತ್ತಾರು ಸಾವಿರಕ್ಕೂ ಮಿಕ್ಕು ಉಳಿಯುತ್ತವೆ. ಹೆಜ್ಜೆಗೆ ಎರಡಡಿಯಂತೆ ಹಿಡಿದರೂ ಅದು 52 ಕಿಲೋಮೀಟರುಗಳ ದಾರಿ! ಒಂದು ಕೋಣೆಯ ನಾಲ್ಕು ಗೋಡೆಗಳೊಳಗೆ ಗೃಹಿಣಿ ಅಷ್ಟು ದೂರ ವೃಥಾ ನಡೆಯುತ್ತಿದ್ದಳೆಂಬುದನ್ನು ಲೋಕ ಅಂಕಿಗಳಲ್ಲಿ ಕಂಡಿತು. ಈ ಫಲ ದೊರೆತದ್ದು ಬೆಲೆಬಾಳುವ ಯಾವ ಹೊಸ ಯಂತ್ರದಿಂದಲೂ ಅಲ್ಲ. ಇದ್ದ ವಸ್ತುಗಳನ್ನು ವಿವೇಕದಿಂದ ಜೋಡಿಸಿದುದರಿಂದ.

ಇಂದು ಮನೆಮನೆಯಲ್ಲಿ ಕಾಣುವ ಕೆಲವು ಅನುಕೂಲಗಳನ್ನೂ ಲಿಲಿಯನ್ನರ ಹೆಸರಿನೊಡನೆ ಸೇರಿಸಿ ಹೇಳುವುದುಂಟು. ಕಾಲಿನಿಂದ ಒತ್ತಿದರೆ ಮುಚ್ಚಳ ತೆರೆಯುವ ಕಸದ ಡಬ್ಬಿ, ರೆಫ್ರಿಜರೇಟರಿನ ಬಾಗಿಲ ಒಳಮೈಯ ಹಲಗೆಗಳು ಅಂಥವು. ಆದರೆ ವಸ್ತುಗಳಿಗಿಂತ ಮಿಗಿಲಾದುದು ಅವುಗಳ ಹಿಂದಿನ ದೃಷ್ಟಿ. ಮನೆಗೆಲಸ ತಾಯಿಯೊಬ್ಬಳ ಪಾಲಿನದೆಂದು ಅವರು ತಿಳಿದಿರಲಿಲ್ಲ. ಅವರ ಮನೆಯಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲದೆ ಎಲ್ಲರಿಗೂ ಕೆಲಸ ಹಂಚಿಕೆಯಾಗಿತ್ತು. ಯಾರು ಯಾವ ಕೆಲಸ ಮುಗಿಸಿದರೆಂಬುದನ್ನು ಗೋಡೆಯ ಮೇಲಿನ ಪಟ್ಟಿಯಲ್ಲಿ ಅವರವರೇ ಗುರುತುಹಾಕಬೇಕಾಗಿತ್ತು. ಹೀಗೆ ಬೆಳೆದ ಹನ್ನೊಂದು ಮಕ್ಕಳಿಗೂ ಆ ವಿಧವೆ ತಾಯಿ ಕಾಲೇಜು ಶಿಕ್ಷಣವನ್ನು ಕೊಡಿಸಿದರು. ಅವರಲ್ಲಿಬ್ಬರು ತಮ್ಮ ಮನೆಯ ಕಥೆಯನ್ನು 1948ರಲ್ಲಿ ಪುಸ್ತಕವಾಗಿ ಬರೆದರು. ಅದು ಬಹು ಜನಪ್ರಿಯವಾಗಿ ಚಲನಚಿತ್ರವೂ ಆಯಿತು.

ಹೆಂಗಸೆಂದು ಬಾಗಿಲು ಮುಚ್ಚಿದ್ದ ಇಂಜಿನಿಯರುಗಳ ಲೋಕವೇ ಮುಂದೆ ಅವರನ್ನು ಕರೆದು ಗೌರವಿಸಿತು. 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅಲ್ಲಿನ ಇಂಜಿನಿಯರಿಂಗ್ ವಿಭಾಗದಲ್ಲಿ ಆ ಪದವಿಗೇರಿದ ಮೊದಲ ಮಹಿಳೆ ಅವರು. ಎರಡನೆಯ ಮಹಾಯುದ್ಧದ ಅನಂತರ ಅವರ ಗಮನ ಇನ್ನೂ ಕಷ್ಟದಲ್ಲಿದ್ದವರ ಕಡೆಗೆ ತಿರುಗಿತು. ಹೃದ್ರೋಗದಿಂದ ಬಳಲುವ ಗೃಹಿಣಿಯರು, ಕೈಕಾಲು ಊನವಾದವರು ಬೇರೆಯವರ ಹಂಗಿಲ್ಲದೆ ಅಡುಗೆ ಮಾಡಿಕೊಳ್ಳಲು ತಕ್ಕ ಅಡುಗೆಮನೆಗಳನ್ನು ರೂಪಿಸಲು ನೆರವಾದರು. ಆರೋಗ್ಯವಂತಳಿಗೆ ಹತ್ತು ಹೆಜ್ಜೆ ಉಳಿದರೆ ಅದು ಅನುಕೂಲ. ದುರ್ಬಲ ಹೃದಯದವಳಿಗೆ ಆ ಹತ್ತು ಹೆಜ್ಜೆಯೇ ಸ್ವಾತಂತ್ರ್ಯ. ಚಲನಾಧ್ಯಯನದ ಮಾನವೀಯ ಮುಖ ಇಲ್ಲಿ ಪೂರ್ಣವಾಗಿ ಬೆಳಗಿತು.

1965ರಲ್ಲಿ ಅಮೆರಿಕದ ರಾಷ್ಟ್ರೀಯ ಇಂಜಿನಿಯರಿಂಗ್ ಅಕಾಡೆಮಿಗೆ ಅವರು ಚುನಾಯಿತರಾದರು. ಮರುವರ್ಷ ಹೂವರ್ ಪದಕ ಅವರನ್ನರಸಿ ಬಂದಿತು. ಈ ಎರಡು ಗೌರವಗಳನ್ನೂ ಪಡೆದ ಮೊದಲ ಮಹಿಳೆ ಅವರೇ. ಎಂಬತ್ತರ ವಯಸ್ಸು ದಾಟಿದಮೇಲೂ ಪ್ರವಾಸಮಾಡಿ ಉಪನ್ಯಾಸ ಕೊಡುತ್ತಿದ್ದ ಆ ಹಿರಿಯ ಚೇತನ 1972ನೆಯ ಇಸವಿ ಜನವರಿ 2ರಂದು ಅರಿಜೋನ ರಾಜ್ಯದ ಫೀನಿಕ್ಸ್ ನಗರದಲ್ಲಿ ಕಣ್ಮರೆಯಾಯಿತು. 1984ರಲ್ಲಿ ಅವರ ಭಾವಚಿತ್ರವುಳ್ಳ ಅಂಚೆಚೀಟಿಯನ್ನು ಅಮೆರಿಕ ಹೊರತಂದಿತು.

ಕೆಲಸದಿಂದ ತಪ್ಪಿಸಿಕೊಳ್ಳುವುದಕ್ಕೂ ಕೆಲಸವನ್ನು ಸುಲಭಗೊಳಿಸುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಸೋಮಾರಿಯ ಹಾದಿ. ಎರಡನೆಯದು ವಿವೇಕಿಯ ಹಾದಿ. ಕಣಕವನ್ನು ನಾದದೆ ಬ್ರೆಡ್ಡು ಮಾಡಲು ಲಿಲಿಯನ್ ಯಾರಿಗೂ ಹೇಳಿಕೊಡಲಿಲ್ಲ. ನಾದುವ ಕೈಗಳು ವೃಥಾ ದಣಿಯದಂತೆ ಮಾಡುವುದು ಹೇಗೆಂಬುದನ್ನು ತೋರಿಸಿಕೊಟ್ಟರು. ಉಳಿದ ಹೊತ್ತು ಓದಿಗೆ, ಆಟಕ್ಕೆ, ಮಕ್ಕಳೊಡನೆ ಕಳೆಯುವ ನಲಿವಿನ ಗಳಿಗೆಗೆ ಮೀಸಲಾಗಬೇಕೆಂಬುದು ಅವರ ಬಯಕೆಯಾಗಿತ್ತು. ನಮ್ಮ ಮನೆಗಳಲ್ಲಿ ಯಾರ ಹೆಜ್ಜೆಗಳು ಲೆಕ್ಕವಿಲ್ಲದೆ ಸವೆಯುತ್ತಿವೆಯೆಂಬುದನ್ನು ಒಂದು ದಿನ ನಿಂತು ನೋಡಿ, ಆ ಭಾರದಲ್ಲಿ ಪಾಲುಗೊಂಡರೆ ಲಿಲಿಯನ್ ಗಿಲ್‌ಬ್ರೆತ್ ಅವರ ಬಾಳಿನ ಪಾಠವನ್ನು ಕಲಿತಂತಾಗುತ್ತದೆ.